ಅರ್ಜಿ ವಿಚಾರಣೆಯಲ್ಲಿರುವಾಗ ಪತಿ ತೀರಿಕೊಂಡರೆ ಗ್ರೀನ್ ಕಾರ್ಡ್ ಕೈತಪ್ಪುವುದೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದ ನನ್ನ ಭಾವ, ಅಮೆರಿಕದ ಪ್ರಜೆ, ಮದುವೆಯಾದ ಹದಿನಾಲ್ಕೇ ತಿಂಗಳಲ್ಲಿ ತೀರಿಕೊಂಡರು. ಅಕ್ಕನಿಗಾಗಿ ಅವರು ಸಲ್ಲಿಸಿದ್ದ ಐ-130 (ಪತ್ನಿಯ ಪರವಾದ ವಲಸೆ ಕೋರಿಕೆ) ಹಾಗೂ ಅಕ್ಕನ ಐ-485 (ಗ್ರೀನ್ ಕಾರ್ಡ್ ಅರ್ಜಿ) ಇನ್ನೂ ಇತ್ಯರ್ಥವಾಗಿಲ್ಲ. ಅವಳು ಭಾರತಕ್ಕೆ ಮರಳಲೇಬೇಕೇ? ಅಸ್ಥಿ ವಿಸರ್ಜನೆಗೆ ಶ್ರೀರಂಗಪಟ್ಟಣಕ್ಕೆ ಬರುವ ಆಸೆಯೂ ಅವಳಿಗಿದೆ.

ಉತ್ತರ 1: ಮರಳಬೇಕಾಗಿಲ್ಲ. ಮರಣದ ವಿಷಯವನ್ನು ಮರಣಪತ್ರದೊಂದಿಗೆ ವಲಸೆ ಇಲಾಖೆಗೆ ತಿಳಿಸಿದರೆ, ಬಾಕಿಯಿರುವ ಐ-130 ತಾನಾಗಿಯೇ ವಿಧವೆಯರೂ ಸಲ್ಲಿಸುವ ಐ-360 ಅರ್ಜಿ ಎಂದು ಪರಿಗಣಿತವಾಗುತ್ತದೆ. ಮದುವೆಯಾಗಿ ಎರಡು ವರ್ಷ ಕಳೆದಿರಬೇಕೆಂಬ ಹಳೆಯ ನಿಯಮವನ್ನು 2009ರ ಅಕ್ಟೋಬರ್‌ನಲ್ಲಿ ತೆಗೆದುಹಾಕಲಾಗಿದೆ. ಆದರೆ ದಾಂಪತ್ಯ ನಿಜವಾದದ್ದೆಂದು ಅಕ್ಕ ಈಗಲೂ ತೋರಿಸಬೇಕು, ಮರಣದ ವೇಳೆಗೆ ಕಾನೂನುಬದ್ಧವಾಗಿ ಬೇರ್ಪಟ್ಟಿರಬಾರದು, ಗ್ರೀನ್ ಕಾರ್ಡ್ ಬರುವ ಮೊದಲು ಮರುಮದುವೆಯಾಗಬಾರದು. ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರುಗಳನ್ನು ಈಗಲೇ ಒಟ್ಟುಮಾಡಿಡಿ. ದುಃಖದ ನಡುವೆ ಇಂಥವೇ ಕಳೆದುಹೋಗುತ್ತವೆ. ಆರ್ಥಿಕ ಹೊಣೆಯ ಐ-864 ಪ್ರಮಾಣಪತ್ರ ಆಕೆಗೆ ಬೇಕಿಲ್ಲ.

ಉತ್ತರ 2: ಪ್ರಯಾಣದ ಬಗ್ಗೆ ಎಚ್ಚರಿಕೆ. ಎಚ್-1 ಅಥವಾ ಎಲ್-1ರಂಥ ಉದ್ಯೋಗ ವೀಸಾ ಇಲ್ಲದವರು ಅಡ್ವಾನ್ಸ್ ಪೆರೋಲ್ (ಹೋಗಿ ಮರಳಲು ಮುಂಗಡ ಅನುಮತಿ) ಪಡೆಯದೆ ದೇಶ ಬಿಟ್ಟರೆ ಐ-485 ಕೈಬಿಟ್ಟಂತೆಯೇ ಸರಿ. ತುರ್ತು ಪೆರೋಲ್‌ಗೆ ಕೇಳಿಕೊಳ್ಳಬಹುದು. ಸಿಗದಿದ್ದರೆ ಅಸ್ಥಿಯನ್ನು ನೀವೇ ತರುವುದು ಮೇಲು.

ಪ್ರಶ್ನೆ ಕೇಳಿದವರು: ಭಾವ ಅರ್ಜಿಯನ್ನೇ ಹಾಕಿರದಿದ್ದರೆ?

ಉತ್ತರ 1: ಆಗ ಮರಣದ ದಿನದಿಂದ 2 ವರ್ಷದೊಳಗೆ ಅಕ್ಕನೇ ಐ-360 ಸಲ್ಲಿಸಬೇಕಿತ್ತು. ಪತಿ ಪ್ರಜೆಯಾಗಿರದೆ ಕೇವಲ ಗ್ರೀನ್ ಕಾರ್ಡ್ ಹೊಂದಿದ್ದರೆ ಈ ದಾರಿ ಇರುವುದಿಲ್ಲ. ಅಂಥವರು ಬಾಕಿಯಿರುವ ಅರ್ಜಿಯನ್ನು ವಲಸೆ ಕಾನೂನಿನ 204(ಎಲ್) ವಿಧಿಯಡಿ ಉಳಿಸಿಕೊಳ್ಳಲು, ಆರ್ಥಿಕ ಹೊಣೆ ಹೊರುವ ಬದಲಿ ಪ್ರಾಯೋಜಕರನ್ನು ಹುಡುಕಬೇಕಾಗುತ್ತದೆ.