ಅಪ್‌ಡೇಟ್: ಕಾಮ್ರೇಡ್ಸ್ ಓಟ ಮುಗೀತು, ತಿರುಗಾಟವೂ ಆಯ್ತು

ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟಕ್ಕೆ ಮನೆಮಂದಿ ಜೊತೆ ಹೊರಟಿದ್ದೇನೆ, ಊರು ನೋಡೋದು ಓಟಕ್ಕೆ ಮೊದಲೋ ಆಮೇಲೋ ಅಂತ ಕೇಳಿದ್ದೆ. ‘ಮೊದಲು ಓಡ್ರಿ’ ಅಂದವರೇ ಜಾಸ್ತಿ. ಹಾಗೇ ಮಾಡಿ ಧಾರವಾಡಕ್ಕೆ ವಾಪಸ್ ಬಂದಿದ್ದೇನೆ.

ಈ ಓಟ ಸಾಮಾನ್ಯವಾಗಿ ಒಂದು ವರ್ಷ ಏರುದಾರಿ, ಇನ್ನೊಂದು ವರ್ಷ ಇಳಿದಾರಿ; ನಾನು ಓಡಿದ್ದು ಇಳಿಕೆಯ ವರ್ಷ. ಪೀಟರ್‌ಮರಿಟ್ಸ್‌ಬರ್ಗ್‌ನಿಂದ ಕಡಲ ದಂಡೆಯ ಡರ್ಬನ್ನಿಗೆ, ಸುಮಾರು 90 ಕಿ.ಮೀ. 12 ಗಂಟೆಯೊಳಗೆ ಮುಟ್ಟಬೇಕು. ಇಳಿಕೆ ಅಂದ್ರೆ ಸಲೀಸು ಅಂದ್ಕೋಬೇಡಿ, ನಡುನಡುವೆ ಏರೂ ಇದೆ. ಕಾಲು ಸೋತ ಮೇಲೆ ಫೀಲ್ಡ್ಸ್ ಹಿಲ್ ಬರುತ್ತೆ. ಅಲ್ಲಿ ಇಳಿಯುವಾಗ ತೊಡೆಗಳನ್ನು ಒರಳಿಗೆ ಹಾಕಿ ರುಬ್ಬಿದ ಹಾಗಿತ್ತು. ತಯಾರಿಯಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿದ್ದಕ್ಕಿಂತ ಓಡುತ್ತಾ ಇಳಿದದ್ದೇ ಉಪಯೋಗಕ್ಕೆ ಬಂತು. ಮುಂದೆ ಹೋಗುವವರು ಇದನ್ನು ಮರೀಬೇಡಿ. ದಾರಿಯಲ್ಲಿ ನೀರು ಸಣ್ಣ ಪ್ಯಾಕೆಟ್‌ಗಳಲ್ಲಿ ಕೊಡ್ತಾರೆ. ಹಲ್ಲಲ್ಲಿ ಕಚ್ಚಿ ಕುಡಿಯೋದು, ನಮಗೇನು ಹೊಸದಲ್ಲ ಬಿಡಿ.

ಗಡುವಿನೊಳಗೇ ಮುಟ್ಟಿದೆ. ಮರುದಿನ ಹೋಟೆಲಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಮಕ್ಕಳಿಗೆ ನಗುವೋ ನಗು. ಡ್ರೇಕನ್ಸ್‌ಬರ್ಗ್ ಬೆಟ್ಟದ ಚಾರಣ ಬಿಟ್ಟು, ಕಾರಲ್ಲೇ ಕೂತು ನೋಡಿದೆವು. ಪೀಟರ್‌ಮರಿಟ್ಸ್‌ಬರ್ಗ್ ಸ್ಟೇಷನ್ನಿಗೂ ಹೋದೆವು. 1893ರಲ್ಲಿ ಗಾಂಧೀಜಿಯನ್ನು ರೈಲಿಂದ ಹೊರದಬ್ಬಿದ್ದು ಅಲ್ಲೇ.

ಊಟದ ಬಗ್ಗೆ ಕೇಳಿದವರಿಗೆ: ಡರ್ಬನ್ನಿನಲ್ಲಿ ಭಾರತೀಯ ಮೂಲದವರು ತುಂಬಾ ಇದ್ದಾರೆ. ಬ್ರೆಡ್ಡಿನ ಒಳಗೆ ಖಾರದ ಪಲ್ಯ ತುಂಬಿದ ‘ಬನ್ನಿ ಚೌ’ ಅನ್ನೋ ತಿನಿಸು ಬೀನ್ಸ್‌ನದೂ ಸಿಗುತ್ತೆ. ಸಸ್ಯಾಹಾರಿಗಳಿಗೆ ಅದು ಸಾಕು. ವೀಸಾ ಮಾತ್ರ ಬೇಗ ಹಾಕಿ.