ಹಳೇ ಟಿಟಿ ಕ್ಯಾಂಪರ್: ಘಾಟಿಯಲ್ಲಿ ಕ್ಲಚ್ ಕೈಕೊಟ್ಟಿದೆ, ಗೇರ್ ಬಾಕ್ಸ್ ಇಳಿಸಲೇಬೇಕಾ?

ಕೇಳಿದವರು, ತೀರ್ಥಹಳ್ಳಿ

ನಮ್ಮದು 2006ರ ಟೆಂಪೋ ಟ್ರಾವೆಲರ್ (ಟಿಟಿ). ಹಿಂದಿನ ಸೀಟೆಲ್ಲ ತೆಗೆಸಿ ಮಂಚ, ಸಣ್ಣ ಅಡುಗೆಕಟ್ಟೆ, 100 ಲೀಟರ್ ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಹೋದ ವಾರ ಮಲ್ಪೆಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಹತ್ತು ನಿಮಿಷ ನಿಲ್ಲಿಸುತ್ತಾ ಹತ್ತಿಸುತ್ತಾ ಬಂದ ಮೇಲೆ ಕ್ಲಚ್ ಪೆಡಲ್ ಮೆತ್ತಗಾಯಿತು, ಫಸ್ಟ್ ಗೇರ್ ಬೀಳಲಿಲ್ಲ. ಎಂಜಿನ್ ಆಫ್ ಮಾಡಿದರೆ ಸಲೀಸಾಗಿ ಬೀಳುತ್ತದೆ. ಪೆಡಲ್ ಎರಡು ಮೂರು ಸಲ ಬೇಗ ಬೇಗ ಒತ್ತಿದರೂ ಬೀಳುತ್ತದೆ. ಮರುದಿನ ಬೆಳಿಗ್ಗೆ ಎಲ್ಲ ಸರಿ ಇತ್ತು. ಮೆಕ್ಯಾನಿಕ್ ಗಾಡಿ ಓಡಿಸಿಯೂ ನೋಡದೆ, ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪೂರ್ತಿ ಬದಲಿಸಬೇಕು ಅಂದರು. ಇಂಥದ್ದು ಯಾರಿಗಾದರೂ ಆಗಿದೆಯಾ? ಮಗಳಿಗೆ ರಜೆ ಶುರುವಾಗುವ ಮೊದಲು ಸರಿಮಾಡಿಸಬೇಕು.

ಹಾಸನದಿಂದ

ಸರ್, ಈಗಲೇ ಗೇರ್ ಬಾಕ್ಸ್ ಇಳಿಸಲು ಬಿಡಬೇಡಿ. ನಾನೂ ಹಳೇ ಟಿಟಿ ಇಟ್ಟುಕೊಂಡವನು. ಮೊದಲ ಸಲ ಇದೇ ಮಾತು ಕೇಳಿ ಕ್ಲಚ್ ಪ್ಲೇಟ್ ಬದಲಿಸಿದೆ. ತೊಂದರೆ ಹಾಗೇ ಉಳಿಯಿತು.

ಕ್ಲಚ್ ಕಾಯಿಲೆ ಎರಡು ಥರ. ಒಂದು, ಪೆಡಲ್ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಗೇರ್ ಬೀಳಲ್ಲ, ರಿವರ್ಸ್ ಹಾಕಿದರೆ ಕರ್ ಅನ್ನುತ್ತದೆ. ಇನ್ನೊಂದು, ಪೆಡಲ್ ಬಿಟ್ಟರೂ ಕ್ಲಚ್ ಹಿಡಿಯುವುದಿಲ್ಲ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ, ಸುಟ್ಟ ವಾಸನೆ ಬರುತ್ತದೆ. ಪ್ಲೇಟ್ ಸವೆದರೆ ಸಾಮಾನ್ಯವಾಗಿ ಆಗುವುದು ಈ ಎರಡನೆಯದು. ನಿಮ್ಮದು ಮೊದಲನೆಯದು. ಅದರಲ್ಲೂ ಪೆಡಲ್ ಎರಡು ಮೂರು ಸಲ ಒತ್ತಿದರೆ ಗೇರ್ ಬೀಳುತ್ತದೆ ಅಂದರೆ ಆಯಿಲ್ ಲೈನ್ ಕಡೆಯ ತೊಂದರೆ ಅನ್ನುವುದೇ ಜಾಸ್ತಿ. ಟಿಟಿಯಲ್ಲಿ ಕ್ಲಚ್‌ಗೆ ಕೇಬಲ್ ಇಲ್ಲ. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಕೆಳಗೆ ಗೇರ್ ಬಾಕ್ಸ್ ಪಕ್ಕ ಸ್ಲೇವ್ ಸಿಲಿಂಡರ್, ಮಧ್ಯದಲ್ಲಿ ಬ್ರೇಕ್ ಆಯಿಲ್ ತುಂಬಿದ ಪೈಪು. ಆ ಆಯಿಲ್‌ನಲ್ಲಿ ಗಾಳಿ ಸೇರಿದರೂ ಸೋರಿಕೆ ಇದ್ದರೂ ನಿಮ್ಮ ಕಾಲಿನ ಬಲ ಕೆಳಗೆ ಮುಟ್ಟುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿ. ಪೆಡಲ್‌ನಿಂದ ಮಾಸ್ಟರ್ ಒಳಗೆ ಹೋಗುವ ಕಡ್ಡಿಯ ಸುತ್ತ ಒಂದು ರಬ್ಬರ್ ಟೋಪಿ ಇರುತ್ತದೆ. ಅದರ ಅಂಚು ಹಿಂದಕ್ಕೆ ಸರಿಸಿ, ಒಳಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ಬರೀ ಧೂಳು ಬರುತ್ತದೆ. ಮಾಸ್ಟರ್ ಹೋಗಿದ್ದರೆ ಬೆರಳು ಜಾರುತ್ತದೆ. ನನ್ನ ಗಾಡಿಯಲ್ಲಿ ಅಲ್ಲಿ ಸುತ್ತಲಿನ ಪೇಂಟ್ ಉಬ್ಬಿ ಸಿಪ್ಪೆ ಎದ್ದಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ನೋಡಿದ ಮೇಲೆ ಕೈಯನ್ನೂ ಜಾಗವನ್ನೂ ನೀರಲ್ಲಿ ತೊಳೆಯಿರಿ. ಕೆಳಗೆ ಸ್ಲೇವ್ ಟೋಪಿಯನ್ನೂ ಹೀಗೇ ನೋಡಿ.

ಹೊರಗೆಲ್ಲೂ ಸೋರಿಲ್ಲ ಅಂದರೆ, ಎಂಜಿನ್ ಬಿಸಿಯಾದಾಗ ಪೆಡಲ್ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಮಾಸ್ಟರ್ ಒಳಗಿನ ವಾಷರ್ ಆಯಿಲನ್ನು ತಡೆಯುತ್ತಿಲ್ಲ. ಹೊಸ ವಾಷರ್ ಕಿಟ್ ಹಾಕಿದರೆ ಸಾಕು ಅನ್ನುತ್ತಾರೆ. ಸಿಲಿಂಡರ್ ಒಳಮೈ ಕನ್ನಡಿಯಂತೆ ನುಣ್ಣಗಿದ್ದರೆ ಸಾಕು. ತುಕ್ಕಿನ ಚುಕ್ಕೆ ಕಂಡರೆ ಹೊಸ ವಾಷರನ್ನೂ ಅದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ ಪೂರ್ತಿ ಸಿಲಿಂಡರ್ ಹಾಕಿಸಿ. ಸ್ಲೇವ್‌ಗೆ ಹೋಗುವ ರಬ್ಬರ್ ಹೋಸ್ ಗಾಡಿಯ ಜೊತೆಗೇ ಬಂದದ್ದಾದರೆ ಅದನ್ನೂ ಬದಲಿಸಿ. ಹಳೇ ಹೋಸ್ ಒತ್ತಡಕ್ಕೆ ಬಲೂನಿನಂತೆ ಉಬ್ಬುತ್ತದೆ. ಒಬ್ಬರು ಪೆಡಲ್ ಒತ್ತಲಿ, ನೀವು ಹೋಸ್ ಮೇಲೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ.

ಬೆಳಿಗ್ಗೆ ಸರಿ, ಬಿಸಿಯಾದಾಗ ತೊಂದರೆ ಅಂದಿರಲ್ಲ, ಅದಕ್ಕೆ ಹಳೇ ಆಯಿಲ್ ಕೂಡ ಕಾರಣ ಇರಬಹುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನಿಮ್ಮ ಮಲೆನಾಡಿನ ಮಳೆಯಲ್ಲಿ ಕೇಳಬೇಕಾ! ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ನಾನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ನಂಬರ್ (ಬ್ರೇಕ್ ಆಯಿಲ್ ದರ್ಜೆ) ಇದೆಯೋ ಅದನ್ನೇ ಹಾಕಿ. ಅರ್ಜೆಂಟ್ ಅಂತ ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ, ರಬ್ಬರೆಲ್ಲ ಊದಿಕೊಂಡು ಇಡೀ ಲೈನ್ ಹಾಳಾಗುತ್ತದೆ.

ಮಂಗಳೂರಿನಿಂದ

ಹಾಸನದ ಅಣ್ಣ ಹೇಳಿದ್ದು ಸರಿ ಇದೆ. ಏರ್ ತೆಗೆಯುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿರುವವರು ಸ್ಲೇವ್ ಮೇಲಿನ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ, ಗುಳ್ಳೆ ಹೋದ ಮೇಲೆ ಮುಚ್ಚಬೇಕು. ಮುಚ್ಚಿದೆ ಅಂದ ಮೇಲೇ ಪೆಡಲ್ ಬಿಡುವುದು. ನಡುವೆ ಬಿಟ್ಟರೆ ಮತ್ತೆ ಗಾಳಿ ಒಳಗೆ. ಡಬ್ಬಿ ಖಾಲಿಯಾಗಲೂ ಬಿಡಬಾರದು.

ಇನ್ನೊಂದು ವಿಷಯ ತೂಕ. 18 ಎಂಎಂ ಪ್ಲೈವುಡ್‌ನ 8×4 ಅಡಿ ಹಲಗೆ ಒಂದೇ 30 ಕೆಜಿಗಿಂತ ಜಾಸ್ತಿ. ನೀರು 100 ಕೆಜಿ. ಮೇಲೆ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ. ಸೀಟು ತೆಗೆದೆವು, ಗಾಡಿ ಹಗುರ ಆಯಿತು ಅಂದುಕೊಳ್ಳುತ್ತೇವೆ, ಆದರೆ ಈ ತೂಕ ಖಾಲಿ ಗಾಡಿಯಲ್ಲೂ ಇಳಿಯುವುದೇ ಇಲ್ಲ. ನಾನು ಈಗ ಘಾಟಿ ಹತ್ತುವ ಮೊದಲು ಟ್ಯಾಂಕ್‌ನಲ್ಲಿ 20 ಲೀಟರ್ ಮಾತ್ರ ಇಟ್ಟುಕೊಂಡು, ಮೇಲೆ ಹೋಗಿ ತುಂಬಿಸುತ್ತೇನೆ. ಸಾಲಿನಲ್ಲಿ ನಿಂತಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿಯಬೇಡಿ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ. ಮುಂದಿನ ಗಾಡಿ ಎರಡು ಗಾಡಿಯಷ್ಟು ದೂರ ಹೋಗಲಿ, ಆಮೇಲೆ ಒಮ್ಮೆಗೇ ಹತ್ತಿಸಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಹುಬ್ಬಳ್ಳಿಯಿಂದ

ನಮ್ಮದು ಓಮ್ನಿ, ಇಬ್ಬರು ಮಲಗುವಷ್ಟು ಜಾಗ ಮಾಡಿಕೊಂಡೀವಿ. ಅದರಲ್ಲಿ ಕೇಬಲ್. ಯಲ್ಲಾಪುರ ದಾಟಿದ ಮೇಲೆ ಒಂದು ರಾತ್ರಿ ಕೇಬಲ್ ಕಟ್ ಆಯಿತು. ಎಂಜಿನ್ ಆಫ್ ಮಾಡಿ ಫಸ್ಟ್ ಗೇರ್ ಹಾಕಿ, ಹಾಗೇ ಕೀ ತಿರುಗಿಸಿದೆ, ಗಾಡಿ ಜಗ್ಗಿ ಹೊರಟಿತು. ಸೆಕೆಂಡ್‌ನಲ್ಲೇ ನಿಧಾನಕ್ಕೆ ಊರು ಮುಟ್ಟಿದೆವು. ಸಪಾಟು ಖಾಲಿ ರಸ್ತೆಯಲ್ಲಿ ಮಾತ್ರ ಇದು ನಡೆಯುತ್ತದೆ, ಘಾಟಿಯಲ್ಲಿ ಬ್ಯಾಡ್ರಿ. ಅವತ್ತಿನಿಂದ ಒಂದು ಹೊಸ ಕೇಬಲ್ ಸೀಟಿನ ಹಿಂದೆ ಕಟ್ಟಿಟ್ಟೀನಿ.

ಇಂಗ್ಲೆಂಡಿನ ಲೀಡ್ಸ್‌ನಿಂದ

ನಾನು ಮೈಸೂರಿನವಳು, ಇಲ್ಲಿ ನಮ್ಮ ಮನೆಯವರ ಹತ್ತಿರ 1980ರ ದಶಕದ ಫೋಕ್ಸ್‌ವ್ಯಾಗನ್ ಟಿ25 ಕ್ಯಾಂಪರ್ ಇದೆ. ಅದಕ್ಕೆ ಎಂಜಿನ್ ಹಿಂದೆ, ಪೆಡಲ್ ಮುಂದೆ. ಕ್ಲಚ್ ಪೈಪ್ ಇಡೀ ಗಾಡಿಯ ಉದ್ದಕ್ಕೂ ಹೋಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಆ ಕಬ್ಬಿಣದ ಪೈಪ್ ತುಕ್ಕು ಹಿಡಿದು ಸೋರಿತು. ನಮಗೂ ನಿಮ್ಮ ಹಾಗೇ ಪೆಡಲ್ ಮೆತ್ತಗೆ, ಗೇರ್ ಬೀಳದು. ಸಿಲಿಂಡರ್ ಎರಡೂ ಸರಿ ಇದ್ದರೆ ಪೈಪಿನ ಉದ್ದಕ್ಕೂ ಟಾರ್ಚ್ ಹಿಡಿದು ನೋಡಿ. ಮಲ್ಪೆಯ ಕಡಲ ಗಾಳಿಯಲ್ಲೂ ಉಪ್ಪಿದೆ ಅಲ್ವಾ?

ಹಾಸನದಿಂದ, ಮತ್ತೆ

ಒಂದು ವೇಳೆ ಮುಂದೆ ಗೇರ್ ಬಾಕ್ಸ್ ಇಳಿಸಲೇಬೇಕಾಗಿ ಬಂದರೆ: ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಕೂಲಿಯೇ ದೊಡ್ಡ ಖರ್ಚು, ಬೇರಿಂಗ್‌ಗಾಗಿ ಇನ್ನೊಮ್ಮೆ ಇಳಿಸುವುದು ಬೇಡ. ಎಂಜಿನ್ ಹಿಂದಿನ ಆಯಿಲ್ ಸೀಲ್ ಒದ್ದೆಯಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲೇಟ್ ಆಯಿಲ್ ಕುಡಿದು ಜಾರುತ್ತದೆ. ಫ್ಲೈವೀಲ್ ಮೇಲೆ ನೀಲಿ ಕಲೆ, ಬಿರುಕು ಇದ್ದರೆ ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿ, ಅಂದರೆ ಮೈ ಸಮ ಮಾಡಿಸಿ. ಸಾಮಾನು ನಾನು ಬೆಂಗಳೂರಿನ ಜೆಸಿ ರೋಡ್‌ನಲ್ಲಿ ತಂದೆ, ಹಳೇ ಪ್ಲೇಟ್ ಜೊತೆಗೇ ಒಯ್ದು ಹಲ್ಲು ಎಣಿಸಿ ನೋಡಿ ತಂದೆ. ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೇ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಇದು ಮುಖ್ಯ: ಗೇರ್ ಬಾಕ್ಸ್‌ನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗಾಡಿ ಗೇರ್‌ನಲ್ಲಿ ನಿಲ್ಲುವುದಿಲ್ಲ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡದೆ ಯಾರನ್ನೂ ಕೆಳಗೆ ಹೋಗಲು ಬಿಡಬೇಡಿ.

ಕೇಳಿದವರು, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಮ್ಯಾಟ್ ಎತ್ತಿ ನೋಡಿದೆ. ರಬ್ಬರ್ ಟೋಪಿ ಒಳಗೆ ಪೂರ್ತಿ ಒದ್ದೆ, ಬೆರಳು ಕಪ್ಪಾಯಿತು. ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿದೆ, ಬಣ್ಣ ಕಾಫಿ ಡಿಕಾಕ್ಷನ್ ಥರ. ಹೋಸ್ ಮೇಲೆ ಕಂಪನಿ ಅಚ್ಚು ಹಾಗೇ ಇದೆ, ಅಂದರೆ 2006ರದ್ದೇ. ಮಾಸ್ಟರ್, ಹೋಸ್ ಎರಡನ್ನೂ ಬದಲಿಸಿ ಏರ್ ತೆಗೆಸಲು ಶಿವಮೊಗ್ಗದಲ್ಲಿ ಬೇರೆ ಮೆಕ್ಯಾನಿಕ್ ಹತ್ತಿರ ಮಾತಾಡಿದ್ದೇನೆ. ಗುರುವಾರ ಗಾಡಿ ಬಿಡುತ್ತೇನೆ. ನೀರಿನ ಟ್ಯಾಂಕ್ ಇವತ್ತೇ ಖಾಲಿ ಮಾಡಿದೆ.