ಔಟ್‌ಲ್ಯಾಂಡರ್ ಕಾದಂಬರಿ ಓದಿದ್ದಕ್ಕೆ ಮನೆ ಗುಂಪಿನಲ್ಲಿ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಹೆತ್ತವರೇ ಎಚ್ಚರ! ಹಳೇ ಕಾಲಕ್ಕೆ ಹೋಗಿ ಪ್ರೀತಿ ಮಾಡುವ ಕಾದಂಬರಿಗಳಿಂದ ಹೆಣ್ಣುಮಕ್ಕಳ ಸಂಸಾರ ಹಾಳಾಗುತ್ತಿದೆ. ಎಲ್ಲರಿಗೂ ಕಳಿಸಿ 🙏

ಭಾವ: ಯಾರು ಬರೆದದ್ದು? ಹೆಸರಿಲ್ಲ, ತಾರೀಖಿಲ್ಲ.

ದೊಡ್ಡಪ್ಪ: ಎಲ್ಲದಕ್ಕೂ ಪುರಾವೆ ಕೇಳಬಾರದು ಅಳಿಯಂದಿರೇ. ಕಟ್ಟಿಕೊಂಡ ಗಂಡನನ್ನು ಬಿಟ್ಟು ಹೋಗುವುದು ಯಾವ ಸಂಸ್ಕಾರ?

ಅಕ್ಕ: ಇದು ನನಗೇ ಹೇಳಿದ್ದು. ನನ್ನ ಕೈಯಲ್ಲಿ ಔಟ್‌ಲ್ಯಾಂಡರ್ ನೋಡಿದಾಗಿನಿಂದ ದೊಡ್ಡಪ್ಪ ಮುಖ ಗಂಟು ಹಾಕಿಕೊಂಡಿದ್ದಾರೆ.

ಚಿಕ್ಕಮ್ಮ: ಬೆಳಿಗ್ಗೆ ಬೆಳಿಗ್ಗೆ ಶುರುವಾಯ್ತಾ? ಅದರಲ್ಲಿ ಅಂಥದ್ದೇನಿದೆ?

ಅಕ್ಕ: ಅದರ ನಾಯಕಿ ಕ್ಲೇರ್ ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದವಳು ಚಿಕ್ಕಮ್ಮ. ಗಂಡನ ಜೊತೆ ಸ್ಕಾಟ್ಲೆಂಡಿನ ಇನ್‌ವರ್ನೆಸ್‌ಗೆ ಹೋದಾಗ ಒಂದು ಕಲ್ಲು ಮುಟ್ಟಿ 1743ಕ್ಕೆ ಹೋಗಿ ಬೀಳುತ್ತಾಳೆ. ಬೇಕಂತ ಬಿಟ್ಟು ಹೋದದ್ದಲ್ಲ, ವಾಪಸ್ ಬರಲು ಒದ್ದಾಡುತ್ತಾಳೆ. ಅಲ್ಲಿ ಒಬ್ಬ ಹುಡುಗನ ಭುಜದ ಕೀಲು ತಪ್ಪಿರುತ್ತದೆ. ಸುತ್ತಲಿನ ಗಂಡಸರು ಸುಮ್ನೆ ಎಳೆಯಲು ಹೊರಡುತ್ತಾರೆ. ಇವಳು ಅವರನ್ನು ತಡೆದು ತಾನೇ ಕೂರಿಸುತ್ತಾಳೆ. ಅಲ್ಲಿಂದ ಅವಳ ಮಾತಿಗೆ ಬೆಲೆ ಬರುತ್ತದೆ. ನನಗೆ ಇಷ್ಟವಾದದ್ದು ಅದು.

ಅಕ್ಕ: ಇನ್ನೊಂದು. 1746ರ ಏಪ್ರಿಲ್ 16ಕ್ಕೆ ಕಲೋಡನ್ ಯುದ್ಧದಲ್ಲಿ ಅವಳ ಸುತ್ತಲಿನ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯವರು ಸೋಲುತ್ತಾರೆ. ಒಂದು ಗಂಟೆಯೂ ನಡೆಯದ ಯುದ್ಧ. ಇದು ಅಲ್ಲಿರುವವರಲ್ಲಿ ಅವಳಿಗೆ ಮಾತ್ರ ಮೊದಲೇ ಗೊತ್ತು, ಓದುವ ನಮಗೂ ಗೊತ್ತು. ಪಕ್ಕದಲ್ಲಿ ಕೂತು ನಗುತ್ತಿರುವವರು ಉಳಿಯುತ್ತಾರಾ ಅಂತ ಹೊಟ್ಟೆಯಲ್ಲಿ ಸಂಕಟ. ಬರೀ ಪ್ರೀತಿ ಪ್ರೇಮದ ಕಥೆಯಲ್ಲಿ ಈ ಸಂಕಟ ಎಲ್ಲಿ ಸಿಗುತ್ತದೆ?

ದೊಡ್ಡಪ್ಪ: ಕಲ್ಲು ಮುಟ್ಟಿದರೆ ಕಾಲ ಹಿಂದೆ ಹೋಗುತ್ತದಾ?

ಚಿಕ್ಕಮ್ಮ: ದೊಡ್ಡ ಭಾವಾ, ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿರಲಿಲ್ವಾ? ಆಮೇಲೆ ಬಲರಾಮನ ಜೊತೆ ಮದುವೆ. ನೀವೇ ಮಕ್ಕಳಿಗೆ ಹೇಳುತ್ತಿದ್ದಿರಿ.

ದೊಡ್ಡಪ್ಪ: ಅದು ಪುರಾಣ. ಇದಕ್ಕೆ ಹೋಲಿಸಬೇಡ.

ತಮ್ಮ: ಇನ್‌ವರ್ನೆಸ್ ಅಂದ್ರೆ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಕರ್ನಲ್ ಬೇಲಿ ಮನೆತನದ ಕಡೆ ಅಲ್ವಾ? 1780ರಲ್ಲಿ ಹೈದರ್ ಅಲಿ, ಟಿಪ್ಪು ಸೈನ್ಯಕ್ಕೆ ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲೇ ಸತ್ತವನು. ಅಜ್ಜಿ ಜೊತೆ ಆ ಬಂದೀಖಾನೆ ನೋಡಿ, ಹೊಳೆ ದಡದಲ್ಲಿ ಚಿತ್ರಾನ್ನ ತಿಂದಿದ್ವಿ! ಅಜ್ಜಿ ಚೀಲದಲ್ಲಿ ಆಗಲೂ ಒಂದು ಕಾದಂಬರಿ.

ಅಕ್ಕ: ಅಜ್ಜಿಯ ಕಾದಂಬರಿಗಳನ್ನೆಲ್ಲ ರದ್ದಿಗೆ ಹಾಕಿದ್ದು ಯಾರು ದೊಡ್ಡಪ್ಪ?

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು.

ಅಕ್ಕ: ಮೇಲಿನ ಎರಡಕ್ಕೆ ಮಾತ್ರ. ಪ್ರತಿಯೊಂದರ ಮೇಲೂ ಅಜ್ಜಿ ಹೆಸರು ಬರೆದಿದ್ದರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಚಿಕ್ಕಮ್ಮ: ನಾನೂ ಆವತ್ತೇ ಬೇಡ ಅಂದಿದ್ದೆ.

ದೊಡ್ಡಪ್ಪ: ಮನೆ ಖಾಲಿ ಮಾಡುವಾಗ ಒಬ್ಬರೂ ಬರಲಿಲ್ಲ. ಈಗ ಎಲ್ಲರಿಗೂ ಮಾತು ಬರುತ್ತದೆ.

ಭಾವ: ಆ ಮೆಸೇಜ್ ಬರೆದದ್ದು ಯಾರು ಅಂತ ಇನ್ನೂ ಹೇಳಲಿಲ್ಲ.

ದೊಡ್ಡಪ್ಪ: ವಾಕಿಂಗ್ ಗುಂಪಿನವರು ಕಳಿಸಿದ್ದು. ಒಳ್ಳೆಯ ಜನ.